ಸೆಪ್ಟೆಂಬರ್ ಜೌಗಿನಲ್ಲಿ ಬಾತು ಬೇಟೆ: ಮೊದಲು ಭರತ, ಆಮೇಲೆ ಹಕ್ಕಿ, ಕೊನೆಗೆ ಕೋವಿ

ಬ್ರಿಟನ್ನಿನಲ್ಲಿ ಕಾಡುಬಾತು ಬೇಟೆಯ ಋತು ಸೆಪ್ಟೆಂಬರ್ 1ಕ್ಕೆ ಶುರುವಾಗುತ್ತದೆ. ಒಳನಾಡಿನಲ್ಲಿ ಜನವರಿ 31ಕ್ಕೆ ಮುಗಿಯುವ ಈ ಋತು ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್‌ಗಳ ಕಡಲಂಚಿನಲ್ಲಿ, ದೊಡ್ಡ ಭರತದ (ಕಡಲಿನ ಉಬ್ಬರದ) ನೀರು ಮುಟ್ಟುವ ಗೆರೆಯ ಕೆಳಗೆ, ಫೆಬ್ರವರಿ 20ರವರೆಗೆ ಇರುತ್ತಾ ಬಂದಿದೆ. ತಾರೀಖುಗಳೂ ಹೊಡೆಯಬಹುದಾದ ಹಕ್ಕಿಗಳ ಪಟ್ಟಿಯೂ ಆಗಾಗ ಪರಿಷ್ಕರಣೆಗೆ ಬರುವುದರಿಂದ ಪ್ರತಿ ಆಗಸ್ಟ್‌ನಲ್ಲಿ ಆ ವರ್ಷದ ನಿಯಮವನ್ನು ಮತ್ತೊಮ್ಮೆ ಓದಿಕೊಳ್ಳಬೇಕು.

ಈ ಲೇಖನ ಅಲ್ಲಿ ನೆಲೆಸಿರುವ ಕನ್ನಡಿಗರಿಗೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಬಾತು ಹೊಡೆಯುವುದು ಅಪರಾಧ. ಅಘನಾಶಿನಿಯ ಗಜನಿ ಎಂಬ ಉಪ್ಪುನೀರಿನ ಗದ್ದೆಯಲ್ಲಾಗಲಿ, ಗದಗದ ಮಾಗಡಿ ಕೆರೆಯಲ್ಲಾಗಲಿ ಚಳಿಗಾಲಕ್ಕೆ ಬಂದಿಳಿಯುವ ಹಕ್ಕಿಗಳನ್ನು ದುರ್ಬೀನಿನಲ್ಲಿ ನೋಡಬೇಕು, ಅಷ್ಟೇ. ಹಾಗೆ ನೋಡಿ ಕಲಿತದ್ದು ಇಂಗ್ಲೆಂಡಿನ ಜೌಗಿನಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ಏಕೆಂದು ಮುಂದೆ ಹೇಳುತ್ತೇವೆ.

ಉದಾಹರಣೆಗೆ ಇಟ್ಟುಕೊಂಡಿರುವ ಜಾಗ ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಲಿಂಕನ್‌ಶೈರ್ ಮತ್ತು ನಾರ್ಫಕ್ ನಡುವಿನ ದಿ ವಾಶ್ ಕೊಲ್ಲಿ. ವಿಥಮ್, ವೆಲಂಡ್, ನೀನ್, ಗ್ರೇಟ್ ಊಸ್ ಎಂಬ ನಾಲ್ಕು ನದಿಗಳು ಇಲ್ಲಿ ಕಡಲು ಸೇರುತ್ತವೆ. ಎಸೆಕ್ಸ್, ಕೆಂಟ್, ಮೋರ್ಕಂಬ್ ಕೊಲ್ಲಿ, ಸಾಲ್ವೇ ಎಲ್ಲ ಕಡೆಯೂ ಕೆಲಸದ ಕ್ರಮ ಇದೇ. ಭರತದ ಹೊತ್ತು ಮಾತ್ರ ಬೇರೆ.

ಕ್ಲಬ್, ಸರ್ಟಿಫಿಕೇಟ್, ಕಾಯ್ದೆ

ಶಾಟ್‌ಗನ್ ಸರ್ಟಿಫಿಕೇಟ್ ಕೊಡುವುದು ಪೊಲೀಸರು. ಅವಧಿ ಐದು ವರ್ಷ. ನಿಮ್ಮ ವೈದ್ಯರಿಂದ ಆರೋಗ್ಯದ ಮಾಹಿತಿ ಬೇಕು, ಮನೆಯಲ್ಲಿ ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಬೀರು ಬೇಕು, ಅಧಿಕಾರಿ ಮನೆಗೆ ಬಂದು ಮಾತಾಡಿಸುತ್ತಾರೆ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು, ಆದ್ದರಿಂದ ಸೆಪ್ಟೆಂಬರ್‌ಗೆ ಬೇಕೆಂದರೆ ಹಿಂದಿನ ಚಳಿಗಾಲದಲ್ಲೇ ಅರ್ಜಿ ಹಾಕಿ. ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಭಾರತದಲ್ಲಿ ಇರುವ ವಿನಾಯಿತಿ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಕೋವಿ ಕೈಗೆ ಬಂದರೆ ಜೌಗಿಗೆ ಇಳಿಯಬಹುದು ಎಂದುಕೊಳ್ಳಬೇಡಿ. ಇಂಗ್ಲೆಂಡಿನ ಕಡಲಂಚಿನ ಸುಮಾರು ಅರ್ಧದಷ್ಟು ಕ್ರೌನ್ ಎಸ್ಟೇಟ್‌ಗೆ (ರಾಜಮನೆತನದ ಹೆಸರಿನ ಸರ್ಕಾರಿ ಆಸ್ತಿ) ಸೇರಿದ್ದು, ಅಲ್ಲಿ ಬೇಟೆಯ ಹಕ್ಕನ್ನು ವೈಲ್ಡ್‌ಫೌಲಿಂಗ್ ಕ್ಲಬ್‌ಗಳು ಗುತ್ತಿಗೆಗೆ ಪಡೆದಿರುತ್ತವೆ. ಅನುಮತಿಯಿಲ್ಲದ ನೆಲದಲ್ಲಿ ಕೋವಿ ಹಿಡಿದು ನಿಂತರೆ ಅದು ಸಶಸ್ತ್ರ ಅತಿಕ್ರಮಣ, ಪೊಲೀಸ್ ಕೇಸು. ಸ್ಕಾಟ್ಲೆಂಡಿನಲ್ಲಿ ಕಡಲಂಚಿನ ಮೇಲೆ ಸಾರ್ವಜನಿಕರಿಗೆ ಬೇಟೆಯ ಹಕ್ಕು ಇದೆ, ಆದರೂ ಅಭಯಾರಣ್ಯಗಳ ಗಡಿ ತಿಳಿದಿರಬೇಕು. ಹೊಸಬರಿಗೆ ಕ್ಲಬ್ಬೇ ಸರಿಯಾದ ದಾರಿ. ಅನೇಕ ಕ್ಲಬ್‌ಗಳಲ್ಲಿ ಮೊದಲ ವರ್ಷ ಹಳೆಯ ಸದಸ್ಯರ ಜೊತೆಗೇ ಹೋಗಬೇಕೆಂಬ ನಿಯಮವಿದೆ. ನಮ್ಮ ದೃಷ್ಟಿಯಲ್ಲಿ ಇಡೀ ಸದಸ್ಯತ್ವದಲ್ಲಿ ಬೆಲೆಬಾಳುವುದು ಅದೇ. ಕ್ಲಬ್‌ಗಳ ಮಾತೃಸಂಸ್ಥೆ ಬಿಎಎಸ್‌ಸಿ (ಬ್ರಿಟಿಷ್ ಅಸೋಸಿಯೇಷನ್ ಫಾರ್ ಶೂಟಿಂಗ್ ಅಂಡ್ ಕನ್ಸರ್ವೇಷನ್), 1908ರಲ್ಲಿ ಸ್ಟ್ಯಾನ್ಲಿ ಡಂಕನ್ ಕಟ್ಟಿದ ಕಡಲಂಚಿನ ಬೇಟೆಗಾರರ ಸಂಘದಿಂದ ಬೆಳೆದದ್ದು. ಅದರ ಸದಸ್ಯತ್ವದ ಜೊತೆಗೆ ಮೂರನೆಯವರಿಗೆ ಆಗುವ ಹಾನಿಯ ವಿಮೆಯೂ ಬರುತ್ತದೆ.

1981ರ ವೈಲ್ಡ್‌ಲೈಫ್ ಅಂಡ್ ಕಂಟ್ರಿಸೈಡ್ ಕಾಯ್ದೆಯಲ್ಲಿ ಕೆಲವು ಸಂಗತಿ ಖಡಾಖಂಡಿತ. ಧ್ವನಿಮುದ್ರಿಸಿದ ಕೂಗು ಹಾಕಿ ಹಕ್ಕಿ ಕರೆಯುವಂತಿಲ್ಲ, ಜೀವಂತ ಹಕ್ಕಿಯನ್ನು ಕಟ್ಟಿಹಾಕಿ ಸೆಳೆಯುವಂತಿಲ್ಲ, ಗುರಿ ಕಾಣಲು ಟಾರ್ಚ್ ಬಿಡುವಂತಿಲ್ಲ, ಆಟೋಮ್ಯಾಟಿಕ್ ಕೋವಿಯ ಮ್ಯಾಗಜೀನ್‌ನಲ್ಲಿ ಎರಡಕ್ಕಿಂತ ಹೆಚ್ಚು ತೋಟೆ ಹಿಡಿಯುವಂತಿಲ್ಲ. ಸ್ಕಾಟ್ಲೆಂಡಿನಲ್ಲಿ ಭಾನುವಾರವೂ ಕ್ರಿಸ್‌ಮಸ್ ದಿನವೂ ಬಾತು ಹೊಡೆಯುವಂತಿಲ್ಲ. ಇಂಗ್ಲೆಂಡಿನಲ್ಲಿ ನಾರ್ಫಕ್, ಡೆವನ್, ಕಾರ್ನ್‌ವಾಲ್, ಸಾಮರ್‌ಸೆಟ್ ಮುಂತಾದ ಕಡೆ ಭಾನುವಾರ ನಿಷಿದ್ಧ. ದಿ ವಾಶ್‌ನ ಒಂದು ದಡ ನಾರ್ಫಕ್, ಇನ್ನೊಂದು ಲಿಂಕನ್‌ಶೈರ್. ನೀವು ಯಾವ ದಡದಲ್ಲಿದ್ದೀರಿ ಎಂಬುದರ ಮೇಲೆ ಭಾನುವಾರದ ನಿಯಮ ಬದಲಾಗುತ್ತದೆ.

ಭರತದ ಲೆಕ್ಕ

ಕಾರವಾರದ ಕಡೆಯವರು ಭರತ ಇಳಿತ ನೋಡಿ ಬೆಳೆದವರೇ. ಆದರೆ ಅಲ್ಲಿ ನೀರು ಏರಿಳಿಯುವುದು ಎರಡು ಮೀಟರ್ ಆಸುಪಾಸು, ದಿ ವಾಶ್‌ನಲ್ಲಿ ದೊಡ್ಡ ಭರತದ ದಿನ ಆರು ಮೀಟರ್‌ಗೂ ಹೆಚ್ಚು. ನೆಲವೋ ಬಹುತೇಕ ಮಟ್ಟಸ. ಹಾಗಾಗಿ ಒಂದು ಮೀಟರ್ ನೀರು ಏರಿದರೆ ಅದು ಅಡ್ಡಡ್ಡಲಾಗಿ ನೂರಾರು ಮೀಟರ್ ನುಂಗಿಬಿಡುತ್ತದೆ.

ನೀರು ಕಡಲ ಕಡೆಯಿಂದ ಅಲೆಯಾಗಿ ಬರುತ್ತದೆ, ಕಂಡಾಗ ಎದ್ದು ಹೊರಟರಾಯಿತು ಎಂಬುದು ಹೊಸಬರ ಅಂದಾಜು. ಜೌಗು ತುಂಬುವುದು ಹಾಗಲ್ಲ. ನೀರು ಮೊದಲು ಕೊರಕಲುಗಳಿಗೆ ನುಗ್ಗುತ್ತದೆ. ಕೊರಕಲುಗಳು ಅಂಕುಡೊಂಕಾಗಿ ನಿಮ್ಮ ಬೆನ್ನ ಹಿಂದಕ್ಕೂ ಹೋಗಿರುತ್ತವೆ. ನೀವು ಕೂತ ದಿಬ್ಬ ಒಣಗಿಯೇ ಇರುವಾಗ ಹಿಂದಿನ ಕೊರಕಲಿನಲ್ಲಿ ಎದೆಮಟ್ಟ ನೀರು ಓಡುತ್ತಿರುತ್ತದೆ. ಜೌಗಿನಲ್ಲಿ ಜನ ಸಿಕ್ಕಿಬೀಳುವುದು ಹೀಗೆ.

ಲೆಕ್ಕ ಹಾಕುವ ಕ್ರಮ ಇದು. ಮೊದಲು ನಿಮ್ಮ ಜಾಗಕ್ಕೆ ಹತ್ತಿರದ ಬಂದರಿನ ಭರತದ ಪಟ್ಟಿ ತೆಗೆಯಿರಿ. ಪಟ್ಟಿ ಯಾವ ಗಡಿಯಾರದಲ್ಲಿದೆ ನೋಡಿ. ಮುದ್ರಿತ ಪಟ್ಟಿಗಳು ಸಾಮಾನ್ಯವಾಗಿ ಗ್ರೀನ್‌ವಿಚ್ ಕಾಲದಲ್ಲಿರುತ್ತವೆ. ಬ್ರಿಟನ್ನಿನ ಗಡಿಯಾರವಾದರೋ ಅಕ್ಟೋಬರ್‌ನ ಕೊನೆಯ ಭಾನುವಾರದವರೆಗೆ ಒಂದು ಗಂಟೆ ಮುಂದೆ. ಪಟ್ಟಿಯಲ್ಲಿ 06:30 ಎಂದಿದ್ದರೆ ನಿಮ್ಮ ಕೈಗಡಿಯಾರದಲ್ಲಿ ಅದು 07:30. ಒಂದು ಗಂಟೆ ಕೂಡಿಸಲು ಮರೆತವರು ಏಳು ಗಂಟೆಗೆ ನೀರು ಇಳಿಯುತ್ತಿದೆ ಎಂದು ನಂಬಿ ಇನ್ನೂ ಹೊರಗೆ ನಡೆಯುತ್ತಾರೆ, ನೀರು ಇನ್ನೂ ಅರ್ಧ ಗಂಟೆ ಏರುವುದು ಬಾಕಿ ಇರುತ್ತದೆ.

ಆಮೇಲೆ ಎತ್ತರ. ಭರತದ ಆರು ಗಂಟೆಯಲ್ಲಿ ಮೂರನೆಯ ಮತ್ತು ನಾಲ್ಕನೆಯ ಗಂಟೆಗಳು ಅಪಾಯದವು. ಒಟ್ಟು ಏರಿಕೆಯ ಕಾಲು ಕಾಲು ಭಾಗ ಒಂದೊಂದು ಗಂಟೆಯಲ್ಲಿ ಏರುತ್ತದೆ. ಆರು ಮೀಟರ್ ಭರತವಾದರೆ ಗಂಟೆಗೆ ಒಂದೂವರೆ ಮೀಟರ್. ನದಿಬಾಯಿಯ ಒಳಭಾಗದಲ್ಲಿ ಇದಕ್ಕಿಂತಲೂ ಬೇಗ. ಪಟ್ಟಿಯ ಎತ್ತರ ಶಾಂತ ಹವೆಗೆ ಬರೆದದ್ದು. ವಾಯುಭಾರ ಒಂದು ಹೆಕ್ಟೋಪ್ಯಾಸ್ಕಲ್ ಕುಸಿದರೆ ನೀರು ಸುಮಾರು ಒಂದು ಸೆಂಟಿಮೀಟರ್ ಹೆಚ್ಚು ಏರುತ್ತದೆ, 1013 ಇರಬೇಕಾದದ್ದು 990ಕ್ಕೆ ಇಳಿದಿದ್ದರೆ ಒಂದು ಗೇಣು ಹೆಚ್ಚು. ಅದರ ಮೇಲೆ ಉತ್ತರದ ಗಾಳಿ ಬಲವಾಗಿ ಬೀಸಿದರೆ ಉತ್ತರ ಸಮುದ್ರದ ನೀರು ಕೊಲ್ಲಿಗೆ ಒತ್ತುತ್ತದೆ. ಆಗ ಪಟ್ಟಿಯ ಹೊತ್ತಿಗಿಂತ ಮೊದಲೇ ಕೊರಕಲು ತುಂಬುತ್ತದೆ.

ಯಾವ ದಿನ ಹೋಗಬೇಕು? ಪಂಚಾಂಗ ನೋಡುವ ಅಭ್ಯಾಸ ಇದ್ದವರಿಗೆ ಇದು ಸಲೀಸು. ಅಮಾವಾಸ್ಯೆ, ಹುಣ್ಣಿಮೆ ಕಳೆದ ಬಿದಿಗೆ ತದಿಗೆಯಲ್ಲಿ ಭರತ ಅತಿ ದೊಡ್ಡದು. ಸೆಪ್ಟೆಂಬರ್ 22-23ರ ವಿಷುವದ ಹತ್ತಿರದಲ್ಲಿ ವರ್ಷದ ದೊಡ್ಡ ಭರತಗಳು ಬರುತ್ತವೆ. ದಿ ವಾಶ್‌ನಲ್ಲಿ ದೊಡ್ಡ ಭರತ ತುಂಬುವ ಹೊತ್ತು ಬೆಳಗ್ಗೆ ಏಳು ಎಂಟು, ಸಂಜೆ ಏಳು ಎಂಟು, ಎಂದರೆ ಸರಿಯಾಗಿ ಬಾತು ಹಾರುವ ಹೊತ್ತು. ಅಷ್ಟಮಿ ಕಳೆದು ದಶಮಿಯ ಹೊತ್ತಿಗೆ ಭರತ ಸಣ್ಣದಾಗುತ್ತದೆ, ತುಂಬುವ ಹೊತ್ತೂ ಮಧ್ಯಾಹ್ನ ಮಧ್ಯರಾತ್ರಿಗೆ ಸರಿಯುತ್ತದೆ. ಬೆಳಗ್ಗೆ, ಸಂಜೆ ಎರಡೂ ಹೊತ್ತು ಜೌಗು ಬರಿದಾಗಿರುತ್ತದೆ. ಮೊದಲ ಸಲ ಹೋಗುವವರು ಈ ಸಣ್ಣ ಭರತದ ದಿನಗಳನ್ನೇ ಆರಿಸಿ. ದೊಡ್ಡ ಭರತದಲ್ಲಿ ಕೆಸರು ಬಯಲಿನ ಬಾತು ನೀರಿನ ಒತ್ತಿಗೆ ಎದ್ದು ಜೌಗಿನೊಳಕ್ಕೆ ಬರುವುದು ನಿಜ, ಹಳಬರು ಅದಕ್ಕೇ ಕಾಯುತ್ತಾರೆ. ಆದರೆ ಅವರು ಕೂರುವುದು ಕಡಲಗೋಡೆಗೆ ಹತ್ತಿರ, ಬೆನ್ನ ಹಿಂದೆ ಒಂದು ಕೊರಕಲೂ ಇಲ್ಲದ ಕಡೆ.

ಕೊನೆಗೆ ಹಿಂದಿರುಗುವ ಹೊತ್ತನ್ನು ಮನೆಯಲ್ಲೇ ನಿಗದಿ ಮಾಡಿ ಕಾಗದದಲ್ಲಿ ಬರೆದು ಮನೆಯವರ ಕೈಗೆ ಕೊಡಿ. ಭರತ ತುಂಬುವ ಮೂರು ಗಂಟೆ ಮೊದಲು ದೊಡ್ಡ ಕೊರಕಲು ದಾಟಿ ಈಚೆ ಬಂದಿರಬೇಕು. ಹಕ್ಕಿ ಬರಲು ಶುರುವಾದದ್ದು ಆಗಲೇ ಆದರೂ ಈ ಹೊತ್ತು ಬದಲಾಗಕೂಡದು.

ಆಗಸ್ಟ್‌ನಲ್ಲಿ ಬರಿಗೈಯಲ್ಲಿ ಒಂದು ಸುತ್ತು

ಕೋವಿ ಬಿಟ್ಟು, ಹಗಲು ಹೊತ್ತು, ನೀರು ಇಳಿದಾಗ ಜೌಗು ನಡೆದು ನೋಡಿ. ಪ್ರತಿ ಕೊರಕಲನ್ನು ಎಲ್ಲಿ ದಾಟಬಹುದು ಎಂದು ಫೋನಿನ ನಕ್ಷೆಯಲ್ಲಿ ಗುರುತು ಹಾಕಿ. ಅಲೆಯಲೆಯಾದ ಗೆರೆಯಿರುವ ಮರಳು ಗಟ್ಟಿ. ಹುಲ್ಲೋ ಸ್ಯಾಂಫೈರ್ ಗಿಡವೋ ಬೆಳೆದ ಕೆಸರು ಕಾಲು ತಡೆಯುತ್ತದೆ. ನುಣುಪಾಗಿ ಮಿರುಗುವ ಬರಿ ಕೆಸರಿನ ಮೇಲೆ ಕಾಲಿಡಬೇಡಿ. ಕೋಲಿನಿಂದ ಮೊದಲು ಚುಚ್ಚಿ ನೋಡಿ. ಕಾಲು ಹೂತರೆ ಜಗ್ಗಬಾರದು, ಒಂದನ್ನು ಜಗ್ಗಿದಷ್ಟೂ ಇನ್ನೊಂದು ಇಳಿಯುತ್ತದೆ. ಹಿಂದಕ್ಕೆ ಕೂತು ಮೈಭಾರವನ್ನು ಹರಡಿ, ಪಾದವನ್ನು ಅತ್ತಿತ್ತ ಅಲುಗಿಸಿ ಕೆಸರು ಸಡಿಲವಾದ ಮೇಲೆ ಒಂದೊಂದಾಗಿ ಎತ್ತಬೇಕು.

ಜೌಗಿನ ಮಧ್ಯೆ ಭರತ ಬಿಟ್ಟುಹೋದ ಸಣ್ಣ ಸಣ್ಣ ಹೊಂಡಗಳಿರುತ್ತವೆ. ಟೀಲ್ ಎಂಬ ಸಣ್ಣ ಬಾತು ಬರುವುದು ಇವಕ್ಕೆ. ಬಾತು ರಾತ್ರಿ ಬಂದು ಹೋದ ಹೊಂಡ ನೋಡಿದ ಕೂಡಲೇ ಗೊತ್ತಾಗುತ್ತದೆ: ಗಾಳಿ ತಳ್ಳಿದ ಅಂಚಿನಲ್ಲಿ ಉಗುರಿನಷ್ಟು ಅಗಲದ ಬಿಳಿ ಎದೆಗರಿಗಳು ತೇಲಿ ನಿಂತಿರುತ್ತವೆ, ಅಂಚಿನ ಕೆಸರಿನಲ್ಲಿ ಮೂರು ಬೆರಳಿನ ಜಾಲಪಾದದ ಗುರುತು, ಸೀಬ್ಲೈಟ್ ಗಿಡದ ಬೀಜ ಉದುರಿ ಅಂಚಿಗೆ ಸೇರಿರುತ್ತದೆ, ನೀರು ಕದಡಿರುತ್ತದೆ. ನೀರು ತಿಳಿಯಾಗಿ ಗರಿಯೇ ಕಾಣದ ಹೊಂಡದ ಪಕ್ಕ ಕೂತು ಪ್ರಯೋಜನವಿಲ್ಲ.

ಹಾಗೆಯೇ ಕಡಲಗೋಡೆಯ ಆಚೆಯ ಹೊಲಗಳನ್ನೂ ನೋಡಿ. ಆಗಸ್ಟ್ ಕೊನೆಗೆ ಬಾರ್ಲಿ, ಗೋಧಿ ಕಟಾವಾಗಿ ಕೂಳೆ ನಿಂತಿರುತ್ತದೆ. ಮಲ್ಲಾರ್ಡ್ ಬಾತು ರಾತ್ರಿಯೆಲ್ಲ ಅಲ್ಲಿ ಉದುರಿದ ಕಾಳು ಮೇದು, ಬೆಳಕು ಹರಿಯುವ ಮುಂಚೆ ಕಡಲಿಗೆ ಮರಳುತ್ತದೆ. ಯಾವ ಹೊಲದಿಂದ ಯಾವ ಗೆರೆಯಲ್ಲಿ ಗೋಡೆ ದಾಟುತ್ತದೆ ಎಂದು ಒಂದು ಬೆಳಗಿನ ಜಾವ ಗೋಡೆಯ ಮೇಲೆ ನಿಂತು ನೋಡಿದರೆ ಅರ್ಧ ಕೆಲಸ ಮುಗಿದಂತೆ. ಹೊಲ ಉತ್ತ ಮರುದಿನ ಆ ಗೆರೆ ಬದಲಾಗುತ್ತದೆ, ಹೊರಡುವ ವಾರ ಇನ್ನೊಮ್ಮೆ ನೋಡಿ.

ಗುರುತಿಸಲಾಗದ ಹಕ್ಕಿಗೆ ಕೋವಿ ಎತ್ತಬೇಡಿ

ಡಿಸೆಂಬರ್‌ನಲ್ಲಿ ಗಂಡು ಮಲ್ಲಾರ್ಡ್‌ನ ಹಸಿರು ತಲೆ ದೂರದಿಂದಲೇ ಕಾಣುತ್ತದೆ. ಸೆಪ್ಟೆಂಬರ್‌ನಲ್ಲಿ ಆ ಅನುಕೂಲವಿಲ್ಲ. ಬೇಸಿಗೆಯಲ್ಲಿ ಗರಿ ಉದುರಿಸಿದ ಗಂಡುಗಳು ಹೆಣ್ಣಿನ ಹಾಗೆ ಕಂದು ಬಣ್ಣದಲ್ಲಿರುತ್ತವೆ, ಆ ವರ್ಷದ ಮರಿಗಳೂ ಕಂದು. ಜೌಗಿನ ಮೇಲೆ ಹಾರುವುದೆಲ್ಲ ಕಂದು ಬಾತುಗಳೇ. ಆದ್ದರಿಂದ ಗುರುತು ಗಾತ್ರದಲ್ಲಿ, ರೆಕ್ಕೆಯಲ್ಲಿ, ಕೊಕ್ಕಿನಲ್ಲಿ, ಕೂಗಿನಲ್ಲಿ ಹಿಡಿಯಬೇಕು.

ಮಲ್ಲಾರ್ಡ್ ಕಿಲೋ ಮೇಲೆ ತೂಗುವ ದೊಡ್ಡ ಬಾತು, ರೆಕ್ಕೆ ಬಡಿತ ನಿಧಾನ. ರೆಕ್ಕೆಯಲ್ಲಿ ನೀಲಿ ಪಟ್ಟಿ, ಅದರ ಹಿಂದೂ ಮುಂದೂ ಬಿಳಿ ಗೆರೆ. ಟೀಲ್ ಅದರ ಮೂರನೆಯ ಒಂದು ಭಾಗದಷ್ಟು ತೂಕದ್ದು. ಗುಂಪಾಗಿ, ಹಠಾತ್ತನೆ ಓರೆಯಾಗಿ ತಿರುಗುತ್ತಾ ಬರುತ್ತದೆ. ರೆಕ್ಕೆಯಲ್ಲಿ ಹಸಿರು ಪಟ್ಟಿ. ಗಂಡು ಸಣ್ಣ ಸೀಟಿಯಂತೆ ಕೂಗುತ್ತದೆ. ವಿಜನ್ ಬಾತು ಉತ್ತರದ ದೇಶಗಳಿಂದ ಗುಂಪುಗುಂಪಾಗಿ ಬಂದಿಳಿಯುವುದು ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ. ತಿಂಗಳ ಮೊದಲ ಎರಡು ವಾರ ನಿಮ್ಮ ಮುಂದೆ ಬರುವುದು ಮುಖ್ಯವಾಗಿ ಮಲ್ಲಾರ್ಡ್ ಮತ್ತು ಟೀಲ್.

ಈಗ ಎಡವುವ ಜಾಗಗಳು. ಗಾರ್ಗನಿ ಎಂಬ ಬಾತು ಟೀಲ್‌ನಷ್ಟೇ ಇರುತ್ತದೆ, ಬ್ರಿಟನ್ನಿನಲ್ಲಿ ಅದಕ್ಕೆ ಪೂರ್ಣ ರಕ್ಷಣೆ ಇದೆ, ದಕ್ಷಿಣಕ್ಕೆ ಹೊರಟು ಹಾದುಹೋಗುವುದೂ ಇದೇ ಸೆಪ್ಟೆಂಬರ್‌ನಲ್ಲಿ. ಕರ್ನಾಟಕದ ಕೆರೆಗಳಲ್ಲಿ ಚಳಿಗಾಲಕ್ಕೆ ಬರುವ ಬಾತುಗಳಲ್ಲಿ ಇದೇ ಜಾತಿ ಸೇರಿದೆ, ಅಲ್ಲಿ ನೋಡಿ ಪಳಗಿದ ಕಣ್ಣಿಗೆ ಇಲ್ಲಿ ಬೆಲೆ ಬರುತ್ತದೆ. ಮುಖದಲ್ಲಿ ಕಣ್ಣಿನ ಮೇಲೂ ಕೆಳಗೂ ಎದ್ದು ಕಾಣುವ ತಿಳಿ ಗೆರೆ, ಕೊಕ್ಕಿನ ಬುಡದಲ್ಲಿ ತಿಳಿ ಚುಕ್ಕೆ, ರೆಕ್ಕೆಯ ಮುಂಭಾಗ ಬೂದು, ಟೀಲ್‌ನಷ್ಟು ಚುರುಕಾಗಿ ಹೊರಳುವುದಿಲ್ಲ. ಒಂಟಿಯಾಗಿ ನೇರಕ್ಕೆ ಹಾರಿಬರುವ ಸಣ್ಣ ಬಾತು ಕಂಡರೆ ಬಿಟ್ಟುಬಿಡಿ.

ಶೆಲ್‌ಡಕ್ ಇನ್ನೊಂದು. ಇದಕ್ಕೂ ರಕ್ಷಣೆ ಇದೆ. ದೊಡ್ಡವು ಬಹುತೇಕ ಗರಿ ಬದಲಿಸಲು ಜರ್ಮನಿಯ ಕರಾವಳಿಯ ಕಡೆ ಹೋಗಿರುತ್ತವೆ, ಜೌಗಿನಲ್ಲಿ ಉಳಿದಿರುವುದು ಮರಿಗಳು. ಅವಕ್ಕೆ ಪುಸ್ತಕದ ಚಿತ್ರದಲ್ಲಿರುವ ಕಂದುಗೆಂಪು ಎದೆಪಟ್ಟಿ ಇನ್ನೂ ಬಂದಿರುವುದಿಲ್ಲ. ಬೆನ್ನು ಬೂದುಗಂದು, ಮುಖ ಮತ್ತು ಹೊಟ್ಟೆ ಬಿಳಿ, ಗಾತ್ರ ಮಲ್ಲಾರ್ಡ್‌ಗಿಂತ ದೊಡ್ಡದು. ಅರೆಗತ್ತಲಲ್ಲಿ ಹೊಟ್ಟೆ ಬೆಳ್ಳಗೆ ಕಂಡ ದೊಡ್ಡ ಬಾತಿಗೆ ಕೋವಿ ಎತ್ತಲೇಬಾರದು.

ತಡವಾಗಿ ಮೊಟ್ಟೆಯೊಡೆದ ಮರಿಗಳೂ ಇನ್ನೂ ಇರಬಹುದು. ತಡವರಿಸಿ ಹಾರುವ, ನೀರಿಗೆ ತಾಗಿಕೊಂಡೇ ಹೋಗುವ ಹಕ್ಕಿ ಹಾರಲು ಕಲಿಯುತ್ತಿರುವ ಮರಿ. ಅದು ಬೇಟೆಯಲ್ಲ.

ಕೋವಿ ಮತ್ತು ತೋಟೆ

ಸಾಧಾರಣ 12 ಬೋರ್ ಜೋಡಿ ನಳಿಗೆ ಕೋವಿ ಸಾಕು. ಸೀಸದ ಚರೆ ಬಾತಿಗೆ ನಿಷಿದ್ಧ. ಇಂಗ್ಲೆಂಡಿನಲ್ಲಿ 1999ರ ನಿಯಮದಿಂದ ಬಾತು, ಹೆಬ್ಬಾತುಗಳಿಗೂ ಇಡೀ ಕಡಲಂಚಿಗೂ ಇದು ಅನ್ವಯ. ಕೆಸರಿಗೆ ಬಿದ್ದ ಸೀಸವನ್ನು ಬಾತುಗಳು ಕಲ್ಲುಹರಳೆಂದು ನುಂಗಿ ವಿಷವೇರಿ ಸಾಯುತ್ತವೆ, ಕಾರಣ ಅದು. ಈಗ ಬಳಕೆಯಲ್ಲಿರುವುದು ಉಕ್ಕಿನ ಚರೆ. ಉಕ್ಕು ಹಗುರ, ಆದ್ದರಿಂದ ಸೀಸಕ್ಕಿಂತ ಎರಡು ನಂಬರ್ ದೊಡ್ಡ ಚರೆ ಬೇಕು. ಸೀಸದ 6 ನಂಬರ್ ಇದ್ದಲ್ಲಿ ಉಕ್ಕಿನ 4. ಸೆಪ್ಟೆಂಬರ್‌ಗೆ 32 ಗ್ರಾಂ ತೂಕದ, ಇಂಗ್ಲಿಷ್ ಅಳತೆಯ 4 ನಂಬರ್ ಉಕ್ಕಿನ ತೋಟೆ ಮಲ್ಲಾರ್ಡ್, ಟೀಲ್ ಎರಡಕ್ಕೂ ನಡೆಯುತ್ತದೆ. ಒಂದರಲ್ಲಿ ಸುಮಾರು 260 ಚರೆ. ತೋಟೆಯೊಳಗೆ ಮದ್ದಿಗೂ ಚರೆಗೂ ನಡುವೆ ಇರುವ ವ್ಯಾಡ್ ಎಂಬ ಬಿರಡೆ ಪ್ಲಾಸ್ಟಿಕ್‌ನದ್ದಾಗದೆ ಮಣ್ಣಲ್ಲಿ ಕರಗುವಂಥದ್ದಿರಲಿ, ಭರತ ಅದನ್ನೆಲ್ಲ ದಡಕ್ಕೆ ತಂದು ರಾಶಿ ಹಾಕುತ್ತದೆ.

ಹಳೆಯ ಕೋವಿಯಾದರೆ ಬಂದೂಕು ರಿಪೇರಿಯವರಿಗೆ ತೋರಿಸಿ. ಸಾಮಾನ್ಯ ಪರೀಕ್ಷೆಯ ಗುರುತಿರುವ ಕೋವಿಯಲ್ಲಿ 3.25 ಮಿಲಿಮೀಟರ್‌ಗಿಂತ ದಪ್ಪದ ಉಕ್ಕಿನ ಚರೆ ಹಾಕಬಾರದು. ಹೆಚ್ಚು ಒತ್ತಡದ ಉಕ್ಕಿನ ತೋಟೆಗೆ ನಳಿಗೆಯ ಮೇಲೆ ಲಿಲ್ಲಿ ಹೂವಿನಾಕಾರದ ಮುದ್ರೆ ಇರಬೇಕು. ಚೋಕ್ (ನಳಿಗೆಯ ಬಾಯಿ ಕಿರಿದಾಗಿರುವ ಪ್ರಮಾಣ) ಅರ್ಧಕ್ಕಿಂತ ಬಿಗಿ ಬೇಡ, ಉಕ್ಕು ಸೀಸದಂತೆ ಒತ್ತಿಕೊಳ್ಳುವುದಿಲ್ಲ, ನಳಿಗೆಯ ಬಾಯಿ ಉಬ್ಬುತ್ತದೆ. ತೀರಾ ಹಳೆಯ ಕೋವಿಗೆ ಬಿಸ್ಮತ್ ಚರೆ ಸೂಕ್ತ, ದುಬಾರಿ.

ಬೇಟೆಗೆ ಮುಂಚೆ ದೊಡ್ಡ ಕಾಗದಕ್ಕೆ 30 ಮೀಟರ್ ದೂರದಿಂದ ಒಂದು ಈಡು ಹೊಡೆದು ನೋಡಿ. ಚರೆ ದಟ್ಟವಾದ ಕಡೆ 75 ಸೆಂಟಿಮೀಟರ್ ಅಡ್ಡಳತೆಯ ವೃತ್ತ ಎಳೆಯಿರಿ. ಅದರೊಳಗೆ ಟೀಲ್‌ನ ಮೈ ಹಿಡಿಯುವಷ್ಟು ಖಾಲಿ ಜಾಗ ಅಲ್ಲಲ್ಲಿ ಕಂಡರೆ ಚೋಕ್ ಅಥವಾ ತೋಟೆ ಬದಲಿಸಿ. ಉಕ್ಕು ಬೇಗ ವೇಗ ಕಳೆದುಕೊಳ್ಳುತ್ತದೆ, ಆದ್ದರಿಂದ 35 ಮೀಟರ್ ದಾಟಿದ ಹಕ್ಕಿಗೆ ಹೊಡೆಯಬೇಡಿ. ಹೊಸಬರು 30ಕ್ಕೇ ನಿಲ್ಲಿಸಲಿ. ದೂರದ ಹಕ್ಕಿಗೆ ಹೊಡೆದರೆ ಅದು ಬೀಳುವುದಿಲ್ಲ, ಎರಡು ಚರೆ ಹೊತ್ತುಕೊಂಡು ಹೋಗಿ ಎಲ್ಲೋ ನರಳಿ ಸಾಯುತ್ತದೆ.

ಮೈಮೇಲೆ, ಚೀಲದಲ್ಲಿ

ಎದೆಮಟ್ಟದ ತೆಳು ವೇಡರ್ಸ್ (ನೀರು ಹೋಗದ, ಬೂಟು ಸೇರಿದ ಉಡುಪು), ಸೊಂಟಕ್ಕೆ ಬಿಗಿಯಾದ ಬೆಲ್ಟ್. ಚಳಿಗಾಲದ ದಪ್ಪ ನಿಯೋಪ್ರೀನ್ ಹಾಕಿದರೆ ಒಂದು ಮೈಲಿ ನಡೆಯುವಷ್ಟರಲ್ಲಿ ಬೆವರಿಗೆ ಒದ್ದೆ. ಬಟ್ಟೆ ಹಸಿರುಗಂದು ಇರಲಿ, ಸೆಪ್ಟೆಂಬರ್ ಜೌಗು ಇನ್ನೂ ಹಸಿರು. ಮುಖಕ್ಕೆ ಬಲೆ ಅಥವಾ ಅಂಚಿನ ಟೋಪಿ ಬೇಕು, ಮೇಲಕ್ಕೆತ್ತಿದ ಮುಖ ಬಾತಿಗೆ ಬೆಳ್ಳಗೆ ಕಾಣುತ್ತದೆ. ಭುಜದೆತ್ತರದ ಕೋಲು, ದಿಕ್ಸೂಚಿ, ತಲೆಗೆ ಟಾರ್ಚ್, ಸೀಟಿ, ನೀರು ಹೋಗದ ಕವರಿನಲ್ಲಿ ಪೂರ್ತಿ ಚಾರ್ಜ್ ಆದ ಫೋನು. ಆಪತ್ತಾದರೆ 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಬೇಕೆಂದು ಹೇಳಿ. ಜೌಗಿನಲ್ಲಿ ಮಾತಿಗೆ ಸಿಗ್ನಲ್ ಸಿಗದಿದ್ದರೂ ಮೆಸೇಜ್ ಹೋಗಬಹುದು, ಮನೆಯಲ್ಲೇ 999ಕ್ಕೆ ರಿಜಿಸ್ಟರ್ ಎಂಬ ಇಂಗ್ಲಿಷ್ ಪದವನ್ನು ಮೆಸೇಜ್ ಮಾಡಿ ನೋಂದಾಯಿಸಿಕೊಂಡಿರಿ. ಸೊಳ್ಳೆ ಔಷಧ ಮರೆಯಬೇಡಿ. ಸೊಳ್ಳೆಗೆ ಕೈ ಬೀಸುವವರನ್ನು ಕಂಡ ಬಾತು ದೂರದಿಂದಲೇ ಹೊರಳಿಹೋಗುತ್ತದೆ.

ಬೆಳಗಿನ ಹಾರಾಟ

ಸೆಪ್ಟೆಂಬರ್ ಮೊದಲ ವಾರ ದಿ ವಾಶ್‌ನಲ್ಲಿ ಸೂರ್ಯ ಹುಟ್ಟುವುದು ಸುಮಾರು 6:10ಕ್ಕೆ, ತಿಂಗಳ ಕೊನೆಗೆ ಏಳರ ಹತ್ತಿರ. ಅದಕ್ಕೆ ಒಂದೂಕಾಲು ಗಂಟೆ ಮೊದಲು ಜಾಗದಲ್ಲಿ ಕೂತಿರಬೇಕು. ಬರುವಾಗ ಕೋವಿ ಚೀಲದೊಳಗೆ, ತೋಟೆ ಜೇಬಿನೊಳಗೆ. ಕೊರಕಲು ದಾಟುವಾಗ ತೋಟೆ ತುಂಬಿದ ಕೋವಿ ಕೈಯಲ್ಲಿರಲೇಬಾರದು.

ಕೂರುವ ಜಾಗ ಕೊರಕಲಿನ ಒಣ ಅಂಚು, ಸೊಂಟದವರೆಗೆ ಮರೆ ಸಿಗುವಂಥದ್ದು. ಮುಂದೆ ಒಂದಿಷ್ಟು ಸೀ ಪರ್ಸ್ಲೇನ್ ಪೊದೆ ಇದ್ದರೆ ಬಲೆ ಕಟ್ಟುವುದೂ ಬೇಡ. ಬಾತು ಗಾಳಿಗೆ ಎದುರಾಗಿ ಇಳಿಯುತ್ತದೆ, ಹಾಗಾಗಿ ಗಾಳಿ ನಿಮ್ಮ ಬೆನ್ನಿಗೋ ಪಕ್ಕಕ್ಕೋ ಇರಲಿ. ಹಾಗೆಯೇ ಹಕ್ಕಿ ಬೆಳಕಿನ ಆಕಾಶಕ್ಕೆ ಅಡ್ಡ ಹಾಯುವಂತೆ ಕೂರಿ. ಕತ್ತಲ ಕಡೆಯಿಂದ ತಲೆಯ ಮೇಲೆ ಬಂದ ಹಕ್ಕಿ ಕಾಣುವಷ್ಟರಲ್ಲಿ ದಾಟಿರುತ್ತದೆ. ತೆಳು ಮೋಡವಿದ್ದರೆ ಹಕ್ಕಿಯ ನೆರಳು ಚೆನ್ನಾಗಿ ಮೂಡುತ್ತದೆ. ನಿರಭ್ರ ಆಕಾಶದಲ್ಲಿ ರೆಕ್ಕೆಯ ಸದ್ದು ಕೇಳುತ್ತದೆ, ಹಕ್ಕಿ ಕಾಣುವುದಿಲ್ಲ.

ನಕಲಿ ಬಾತು ಆರರಿಂದ ಹನ್ನೆರಡು ಸಾಕು. ಮಲ್ಲಾರ್ಡ್‌ಗಳನ್ನು ಎರಡೆರಡಾಗಿ ಬಿಡಿಬಿಡಿಯಾಗಿ, ಟೀಲ್‌ಗಳನ್ನು ಒತ್ತಾಗಿ ಅಂಚಿನ ಹತ್ತಿರ ಬಿಡಿ. ನಡುವೆ ಹಕ್ಕಿ ಇಳಿಯಲು ಹತ್ತು ಹೆಜ್ಜೆ ತೆರಪಿರಲಿ. ತೆರಪು ನಿಮ್ಮಿಂದ 20 ಮೀಟರ್ ದೂರದಲ್ಲಿ, ಕೊನೆಯ ನಕಲಿ ಹಕ್ಕಿ ಸರಿಯಾಗಿ 30 ಮೀಟರ್‌ಗೆ. ಅದೇ ನಿಮ್ಮ ದೂರದ ಗುರುತು, ಅದರಾಚೆಯ ಹಕ್ಕಿ ನಿಮ್ಮದಲ್ಲ. ಭರತ ಬರುವ ಕಡೆ ಬಿಡುವುದಾದರೆ ದಾರ ನೀರಿನ ಆಳಕ್ಕಿಂತ ಉದ್ದವಿರಬೇಕು, ಗಿಡ್ಡ ದಾರದ ನಕಲಿ ಬಾತು ಭಾರ ಎತ್ತಿಕೊಂಡು ತೇಲಿಹೋಗುತ್ತದೆ. ಬಾಯಲ್ಲಿ ಊದುವ ಪೀಪಿ ಬಳಸಬಹುದು, ಆದರೆ ನೇರವಾಗಿ ಬರುತ್ತಿರುವ ಹಕ್ಕಿಗೆ ಊದಬೇಡಿ.

ಹಕ್ಕಿ ಬಂದಾಗ ಬಹುತೇಕ ಹೊಸಬರು ಬೇಗ ಎದ್ದು ಕೆಡಿಸುತ್ತಾರೆ. ಮುಖ ತಗ್ಗಿಸಿ ಕಣ್ಣಷ್ಟೇ ಎತ್ತಿ ನೋಡಿ. ಜಾತಿ ಗುರುತಾಯಿತು, 30 ಮೀಟರ್ ಒಳಗಿದೆ, ಹಿಂದೆ ಮನುಷ್ಯರಿಲ್ಲ, ಬಿದ್ದರೆ ಹೆಕ್ಕಲು ಸಾಧ್ಯ ಎಂಬ ನಾಲ್ಕೂ ಖಾತ್ರಿಯಾದರೆ ಒಂದೇ ಓಟದಲ್ಲಿ ಎದ್ದು, ಹಕ್ಕಿಯ ಹಿಂದಿನಿಂದ ನಳಿಗೆಯನ್ನು ಬೀಸಿ, ಕೊಕ್ಕು ದಾಟಿದಾಗ ಹೊಡೆದು, ಬೀಸು ನಿಲ್ಲಿಸದೆ ಮುಂದುವರಿಸಿ. ನಳಿಗೆ ನಿಂತರೆ ಈಡು ಹಿಂದೆ ಬೀಳುತ್ತದೆ. ಟೀಲ್ ಮೊದಲ ಸದ್ದಿಗೇ ನೆಟ್ಟಗೆ ಮೇಲಕ್ಕೇರುತ್ತದೆ, ಎರಡನೆಯ ಈಡು ಅದರ ಮೇಲ್ಗಡೆ ಹೋಗಬೇಕು. ನೀರಿನ ಮಟ್ಟಕ್ಕೆ ಹೊಡೆಯಬೇಡಿ, ಉಕ್ಕಿನ ಚರೆ ನೀರಿಗೂ ಕಲ್ಲಿಗೂ ಪುಟಿದು ಎತ್ತಲೋ ಹೋಗುತ್ತದೆ.

ಜಾರಿ ಬಿದ್ದಿರಾದರೆ, ನಳಿಗೆ ಒಂದಿಷ್ಟೇ ಕೆಸರು ಮುಟ್ಟಿತ್ತಾದರೂ, ತೋಟೆ ತೆಗೆದು ನಳಿಗೆಯೊಳಗೆ ಬೆಳಕು ಹಾಯಿಸಿ ನೋಡಲೇಬೇಕು. ಹೆಬ್ಬೆರಳಿನಷ್ಟು ಕೆಸರು ಸಿಕ್ಕಿದ್ದರೂ ನಳಿಗೆ ಸಿಡಿಯುತ್ತದೆ. ತುಂಡು ತುಂಡಾಗಿ ಕೂಡಿಸುವ ಸಣ್ಣ ಕಡ್ಡಿಯೊಂದು ಚೀಲದಲ್ಲಿರಲಿ.

ಸಂಜೆಯ ಹಾರಾಟ ಇದರ ತಿರುವು: ಕಡಲಿಂದ ಹೊಲಕ್ಕೆ, ಸೂರ್ಯ ಮುಳುಗಿದ ಇಪ್ಪತ್ತು ನಿಮಿಷದ ಮೇಲೆ. ಮೊದಲು ಟೀಲ್, ಆಮೇಲೆ ಮಲ್ಲಾರ್ಡ್. ಕತ್ತಲು ಏರುತ್ತಾ ಹೋಗುವುದರಿಂದ ಗುರುತಿಸುವುದೂ ಹೆಕ್ಕುವುದೂ ಕಷ್ಟ. ರೆಕ್ಕೆಯ ಪಟ್ಟಿ ಕಾಣದಾದ ಕೂಡಲೇ ಕೋವಿ ಮಡಿಸಿ. ಒಂದೇ ಹೊಂಡಕ್ಕೆ ವಾರ ವಾರ ಹೋಗಬೇಡಿ, ಹದಿನೈದು ದಿನಕ್ಕೊಮ್ಮೆ ಸಾಕು. ಹಕ್ಕಿ ಇನ್ನೂ ಬರುತ್ತಿರುವಾಗಲೇ ಎದ್ದು ಬಂದರೆ ಕೊನೆಗೆ ಬಂದವು ನೆಮ್ಮದಿಯಾಗಿ ಮೇಯುತ್ತವೆ, ಆ ಹೊಂಡ ಋತುವಿಡೀ ಉಳಿಯುತ್ತದೆ.

ಬಿದ್ದ ಹಕ್ಕಿ

ನಾಯಿ ಇಲ್ಲದೆ ಜೌಗಿಗೆ ಹೋಗಬೇಡಿ, ನಿಮ್ಮದಿಲ್ಲದಿದ್ದರೆ ನಾಯಿ ಇರುವವರ ಜೊತೆ ಹೋಗಿ. ಕಂದು ಹಕ್ಕಿ ಕಂದು ಜೌಗಿನಲ್ಲಿ ಬಿದ್ದರೆ ಹತ್ತು ಹೆಜ್ಜೆ ದೂರದಲ್ಲೂ ಮನುಷ್ಯನ ಕಣ್ಣಿಗೆ ಕಾಣುವುದಿಲ್ಲ. ಒಂದು ಬಿದ್ದರೆ ಅದನ್ನು ಹೆಕ್ಕಿದ ಮೇಲೆಯೇ ಇನ್ನೊಂದರ ಯೋಚನೆ. ಗಾಯಗೊಂಡು ನೀರಿನ ಮೇಲೆ ತಲೆಯೆತ್ತಿದ ಹಕ್ಕಿಗೆ, ಸುತ್ತ ನಾಯಿಯೂ ಜನರೂ ಇಲ್ಲವೆಂದು ನೋಡಿಕೊಂಡು, ತಡಮಾಡದೆ ಇನ್ನೊಂದು ಈಡು ಹೊಡೆದು ಮುಗಿಸಿ. ಅದು ಮುಳುಗಿದರೆ ಇಳಿತ ಎಳೆದುಕೊಂಡು ಹೋಗುತ್ತದೆ. ಕೊರಕಲಿನಲ್ಲಿ ಭರತ ಜೋರಾಗಿ ನುಗ್ಗುವಾಗ ಮಾತ್ರ ನಾಯಿಯನ್ನು ಬಿಡಬೇಡಿ. ಅಂಥ ಹೊತ್ತಿನಲ್ಲಿ ನೀರಿನ ಮೇಲೆ ಬೀಳುವ ಹಕ್ಕಿಗೆ ಹೊಡೆಯದಿರುವುದೇ ಸರಿ.

ಸೆಪ್ಟೆಂಬರ್ ಬಿಸಿಲಿಗೆ ನಾಯಿ ಬಾಯಾರಿ ಉಪ್ಪುನೀರು ಕುಡಿಯುತ್ತದೆ, ವಾಂತಿಯಾಗಿ ನಿತ್ರಾಣವಾಗುತ್ತದೆ. ಅದಕ್ಕೆಂದೇ ಎರಡು ಲೀಟರ್ ಸಿಹಿನೀರು ಒಯ್ಯಿರಿ. ಗೋಡೆಯಾಚೆಯ ನಿಂತ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂಥ ಪಾಚಿ ಕಂಡರೆ ನಾಯಿಯನ್ನು ಹತ್ತಿರವೂ ಬಿಡಬೇಡಿ, ಅದು ಕೆಲವೇ ಗಂಟೆಯಲ್ಲಿ ಕೊಲ್ಲುವ ವಿಷ.

ಮನೆಗೆ ತಂದ ಮೇಲೆ

ಚಳಿಗಾಲದಲ್ಲಿ ನಾಲ್ಕು ದಿನ ನೇತುಹಾಕುವವರಿದ್ದಾರೆ, ಸೆಪ್ಟೆಂಬರ್‌ನಲ್ಲಿ ಅದು ನಡೆಯದು. ಹಕ್ಕಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ಮೈಬಿಸಿ ಆರದೆ ಮಧ್ಯಾಹ್ನದೊಳಗೆ ಹೊಟ್ಟೆ ಹಸಿರಾಗುತ್ತದೆ. ಕುತ್ತಿಗೆಗೆ ದಾರ ಹಾಕಿ, ಒಂದಕ್ಕೊಂದು ತಾಗದಂತೆ ಗಾಳಿಗೆ ತೂಗುಬಿಡಿ. ನೊಣ ಗಾಯಕ್ಕೂ ಕಣ್ಣಿಗೂ ಮೊಟ್ಟೆ ಇಡುತ್ತದೆ, ತೆಳು ಬಟ್ಟೆ ಹೊದಿಸಿ. ಅದೇ ದಿನ ಪುಕ್ಕ ಕಿತ್ತು, ಕರುಳು ತೆಗೆದು ಫ್ರಿಜ್‌ಗೆ ಹಾಕಿ. ಬಾಲದ ಬುಡದಲ್ಲಿರುವ ಎಣ್ಣೆ ಗ್ರಂಥಿಯನ್ನು ಕೊಯ್ದು ಬಿಸಾಡಿ, ಬಾತಿನ ಕೆಟ್ಟ ವಾಸನೆಗೆ ಅರ್ಧ ಕಾರಣ ಅದು. ಹಕ್ಕಿಜ್ವರದ ಹಾವಳಿ ಇರುವ ವರ್ಷಗಳಲ್ಲಿ ಕೈಗವಸು ಹಾಕಿ, ಚಾಕು, ಬೂಟು ಸೋಂಕುನಾಶಕದಲ್ಲಿ ತೊಳೆಯಿರಿ. ಜೌಗಿನಲ್ಲಿ ಸತ್ತು ಬಿದ್ದ, ಕುತ್ತಿಗೆ ತಿರುಚಿ ಒದ್ದಾಡುವ ಹಕ್ಕಿಯನ್ನು ನೀವೂ ಮುಟ್ಟಬೇಡಿ, ನಾಯಿಯನ್ನೂ ಬಿಡಬೇಡಿ. ಮನೆಯಲ್ಲಿ ಕೋಳಿ ಸಾಕಿದ್ದರೆ ಬೇಟೆಯ ಬೂಟು ಗೂಡಿನ ಹತ್ತಿರ ಬರಲೇಬಾರದು.

ಕಾಡುಬಾತಿಗೆ ಸಾಕಿದ ಬಾತಿನ ಕೊಬ್ಬಿಲ್ಲ. ಎದೆಭಾಗವನ್ನು ತೆಳ್ಳಗೆ ಹೆಚ್ಚಿ, ಮೆಣಸು, ಬೆಳ್ಳುಳ್ಳಿ, ಸ್ವಲ್ಪ ಹುಳಿ ಹಚ್ಚಿಟ್ಟು, ಬಿಸಿ ಬಾಣಲೆಯಲ್ಲಿ ಬೇಗ ಹುರಿದರೆ ಮೆತ್ತಗಿರುತ್ತದೆ. ಅದನ್ನೇ ಸಾರಿನಲ್ಲಿ ಕುದಿಯಲು ಬಿಟ್ಟರೆ ರಬ್ಬರ್. ತೊಡೆ ಮಾತ್ರ ಕುಕ್ಕರ್‌ನಲ್ಲಿ ನಿಧಾನವಾಗಿ ಬೇಯಲಿ. ಟೀಲ್ ಇಡಿಯಾಗಿ 220 ಡಿಗ್ರಿ ಒಲೆಯಲ್ಲಿ ಕಾಲು ಗಂಟೆ, ಆಮೇಲೆ ಹತ್ತು ನಿಮಿಷ ಆರಲು ಬಿಡಿ. ಕೂಳೆ ಹೊಲದಲ್ಲಿ ಕಾಳು ತಿಂದ ಮಲ್ಲಾರ್ಡ್‌ಗೆ ಈ ತಿಂಗಳಷ್ಟು ರುಚಿ ಮತ್ತೆ ಇರುವುದಿಲ್ಲ. ಹೆಚ್ಚುವಾಗ ಬೆರಳಿನಿಂದ ಒತ್ತಿ ಚರೆ ಹುಡುಕಿ ತೆಗೆಯಿರಿ, ಉಕ್ಕಿನ ಚರೆ ಹಲ್ಲು ಮುರಿಯುತ್ತದೆ.

ಕೋವಿಗೆ ಉಪ್ಪು ಒಂದು ರಾತ್ರಿ ಕೂತರೂ ತುಕ್ಕು. ನಳಿಗೆ, ಕೀಲು, ತಿರುಪು ಸಿಹಿನೀರಿನ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಎಣ್ಣೆ ಹಚ್ಚಿದ ಮೇಲೆ ಬೀರುವಿಗಿಡಿ. ಹೊಡೆದ ಹಕ್ಕಿಗಳ ಜಾತಿ, ಸಂಖ್ಯೆ, ದಿನ, ಜಾಗವನ್ನು ಕ್ಲಬ್‌ನ ಪುಸ್ತಕದಲ್ಲಿ ಆ ದಿನವೇ ಬರೆಯಿರಿ, ಬರಿಗೈಯಲ್ಲಿ ಬಂದ ದಿನವನ್ನೂ ಬರೆಯಿರಿ. ಹಕ್ಕಿಯ ಕಾಲಿನಲ್ಲಿ ಲೋಹದ ಉಂಗುರ ಸಿಕ್ಕಿದರೆ ಅದರ ಅಂಕಿಗಳನ್ನು ಬ್ರಿಟಿಷ್ ಟ್ರಸ್ಟ್ ಫಾರ್ ಆರ್ನಿಥಾಲಜಿಗೆ ತಿಳಿಸಿ, ಆ ಬಾತಿಗೆ ಎಲ್ಲಿ, ಯಾವಾಗ ಉಂಗುರ ತೊಡಿಸಿದ್ದರೆಂದು ಅವರು ಉತ್ತರ ಬರೆಯುತ್ತಾರೆ.